ಮನೆಯೊಳಗಿನ ಡಂಗುರ

ಈಗ ಅನೇಕ ಮನೆಗಳಲ್ಲಿ ಕಂಪ್ಯೂಟರು, ಪ್ರಿಂಟರು ತಂತಿಯಿಂದ ಕೂಡಿರುತ್ತವೆ, ಮೊಬೈಲುಗಳು ವೈ-ಫೈಯಿಂದ. ಎಲ್ಲಕ್ಕೂ ಇಂಟರ್‌ನೆಟ್ ಬರುತ್ತಿರುತ್ತದೆ. ಆದರೂ ಮೊಬೈಲಿನಲ್ಲಿ ಹುಡುಕಿದರೆ ಪಕ್ಕದಲ್ಲೇ ಇರುವ ಪ್ರಿಂಟರ್ ಕಾಣುವುದಿಲ್ಲ. ಕಾಣದ ಯಂತ್ರವೆಲ್ಲ ಕೆಟ್ಟ ಯಂತ್ರವಲ್ಲ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಿಂದೆ ನಮ್ಮ ಊರುಗಳಲ್ಲಿ ಡಂಗುರ ಸಾರುತ್ತಿದ್ದರು. ಆ ದನಿ ಓಣಿ ಓಣಿಗೂ ಮುಟ್ಟುತ್ತಿತ್ತು. ಅಗಸಿಯನ್ನು ದಾಟಿ ಪಕ್ಕದ ಊರಿಗೆ ಹೋಗುತ್ತಿರಲಿಲ್ಲ. ಯಂತ್ರಗಳು ಪರಸ್ಪರ ಹುಡುಕುವುದೂ ಹೀಗೆಯೇ. ಮೊಬೈಲಿಗೆ ಪ್ರಿಂಟರಿನ ವಿಳಾಸ ಮೊದಲೇ ತಿಳಿದಿರುವುದಿಲ್ಲವಾದ್ದರಿಂದ ಅದು 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ, 5353ನೆಯ ಪೋರ್ಟಿನಲ್ಲಿ, ‘ಇಲ್ಲಿ ಪ್ರಿಂಟರ್ ಯಾವುದಿದೆ?’ ಎಂದು ಕೂಗುತ್ತದೆ. ಕೇಳಿಸಿಕೊಂಡ ಪ್ರಿಂಟರ್ ತನ್ನ ಹೆಸರು, ವಿಳಾಸಗಳನ್ನು ತಿಳಿಸುತ್ತದೆ. ಎಂ-ಡಿಎನ್‌ಎಸ್ ಎಂಬ ಈ ಪದ್ಧತಿಯು 2013ರಲ್ಲಿ ಆರ್‌ಎಫ್‌ಸಿ 6762 ಎಂಬ ಹೆಸರಿನಿಂದ ಪ್ರಕಟವಾಯಿತು. ಈ ಕೂಗು ರೂಟರನ್ನು ದಾಟುವುದಿಲ್ಲ, ದಾಟಬಾರದೆಂದೇ ನಿಯಮವಿದೆ. ಇಲ್ಲದಿದ್ದರೆ ಲೋಕದ ಪ್ರಿಂಟರುಗಳೆಲ್ಲ ಒಮ್ಮೆಲೇ ಓಗೊಟ್ಟಾವು!

ಇನ್ನು ಪ್ರಕೃತ ವಿಷಯಕ್ಕೆ ಬರುವೆನು. ಹನಿ ನೀರಾವರಿಯಿಂದ ಹೊರಗಿನವರಿಗೂ ಹೆಸರು ಗೊತ್ತಿರುವ ನಮ್ಮ ರಾಮಥಾಳದಲ್ಲಿ ನನ್ನ ಕಾಕಾ ಮನೆಯ ಪಡಸಾಲೆಯಲ್ಲಿ ಪ್ರಿಂಟರ್ ಇಟ್ಟುಕೊಂಡು, ಓಣಿಯವರಿಗೆ ಉತಾರ, ಅರ್ಜಿ ಮುಂತಾದವನ್ನು ತೆಗೆದು ಕೊಡುತ್ತಾರೆ. ಕಳೆದ ಮುಂಗಾರಿನಲ್ಲಿ, ಬೆಳೆವಿಮೆಯ ಕೊನೆಯ ವಾರದಲ್ಲಿ, ವೈ-ಫೈ ಹಿತ್ತಲಿನವರೆಗೂ ಮುಟ್ಟಲೆಂದು ಎರಡನೆಯ ರೂಟರನ್ನು ತಂದು ಕೂಡಿಸಿದರು. ಅಂದಿನಿಂದ ಯಾವ ಮೊಬೈಲಿಗೂ ಪ್ರಿಂಟರ್ ಸಿಗದಾಯಿತು. ನೋಡಲು ಬಂದ ರಿಪೇರಿಯವನು, “ಇದು ಮುಗಿದೈತ್ರಿ, ಹೊಸಾದು ತಗೊಳ್ರಿ” ಎಂದನು. ಬೀಜ ಗೊಬ್ಬರ ತಂದು ಕೈ ಬರಿದಾದ ಹೊತ್ತು ಅದು. “ಬಿ.ಎ. ಓದಾಕತ್ತೀಯಲ್ಲ, ನೀನಽ ಒಮ್ಮೆ ನೋಡಪಾ” ಎಂದರು ಕಾಕಾ. ಇತಿಹಾಸಕ್ಕೂ ಪ್ರಿಂಟರಿಗೂ ಏನು ಸಂಬಂಧವೆಂದು ಕೇಳುವಂತಿರಲಿಲ್ಲ.

ಮೊದಲು ವಿಳಾಸಗಳನ್ನು ನೋಡಿದೆನು. ಪ್ರಿಂಟರಿನದು 192.168.1.20, ಮೊಬೈಲಿನದು 192.168.0.5. ಮೂರನೆಯ ಅಂಕಿಯೇ ಬೇರೆ! ಹಳೆಯ ಪೆಟ್ಟಿಗೆಯೂ ಹೊಸ ರೂಟರೂ ತಮ್ಮ ತಮ್ಮ ವಿಳಾಸಗಳನ್ನು ಹಂಚುತ್ತಿದ್ದವು. ಅಂದರೆ ಒಂದೇ ಮನೆಯಲ್ಲಿ ಎರಡು ಊರು, ನಡುವೆ ಅಗಸಿ. ಬಳಿಕ ಮೊಬೈಲಿನ ಬ್ರೌಸರಿನಲ್ಲಿ 192.168.1.20 ಎಂದು ಬರೆದಾಗ ಪ್ರಿಂಟರಿನ ಪುಟವು ಥಟ್ಟನೆ ತೆರೆಯಿತು. ಇದು ಮುಖ್ಯವಾದ ಸಂಗತಿ. ಒಳಗಿನ ಊರಿನಿಂದ ಹೊರಗಿನ ಊರಿಗೆ, ವಿಳಾಸ ತಿಳಿದಿದ್ದರೆ, ಹೋಗಬಹುದು. ಡಂಗುರ ಮಾತ್ರ ಹೋಗದು. ಪ್ರಿಂಟರ್ ಜೀವಂತವಾಗಿತ್ತು, ತಂತಿಯೂ ಸರಿಯಾಗಿತ್ತು. ಮುಟ್ಟುವುದು ಬೇರೆ, ಕಂಡುಕೊಳ್ಳುವುದು ಬೇರೆ. ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಹೊಸ ರೂಟರಿನ ಸೆಟ್ಟಿಂಗಿನಲ್ಲಿ ‘ಆಕ್ಸೆಸ್ ಪಾಯಿಂಟ್’ ಎಂಬ ಆಯ್ಕೆಯಿತ್ತು. ಅದನ್ನು ಆರಿಸಲು, ರೂಟರ್ ವಿಳಾಸ ಹಂಚುವುದನ್ನು ಬಿಟ್ಟು ಬರಿಯ ಸೇತುವೆಯಾಯಿತು. ವೈ-ಫೈಯನ್ನು ಬಿಟ್ಟು ಮತ್ತೆ ಸೇರಿದ ಮೊಬೈಲಿಗೆ 192.168.1ರಿಂದ ಆರಂಭವಾಗುವ ವಿಳಾಸ ಬಂದಿತು, ಪ್ರಿಂಟರಿನ ಹೆಸರೂ ಕಂಡಿತು. ಆ ಆಯ್ಕೆಯಿಲ್ಲದ ರೂಟರಾದರೆ, ಅದಕ್ಕೆ ಮೊದಲನೆಯ ಪೆಟ್ಟಿಗೆಯ ಸಾಲಿನಲ್ಲೇ ಯಾರಿಗೂ ಕೊಡದ ವಿಳಾಸವೊಂದನ್ನು ಕೊಟ್ಟು, ಡಿಎಚ್‌ಸಿಪಿಯನ್ನು ನಿಲ್ಲಿಸಿ, ತಂತಿಯನ್ನು ‘ವಾನ್’ ರಂಧ್ರದಿಂದ ತೆಗೆದು ‘ಲಾನ್’ ರಂಧ್ರಕ್ಕೆ ಹಾಕಬೇಕು.

ವಿಳಾಸಗಳು ಒಂದೇ ಸಾಲಿನಲ್ಲಿದ್ದೂ ಯಂತ್ರ ಕಾಣದಿದ್ದರೆ ಕಾರಣ ಬೇರೆ. ಮೊಬೈಲು ಅತಿಥಿಗಳಿಗಾಗಿ ಇಟ್ಟ ‘ಗೆಸ್ಟ್’ ವೈ-ಫೈಗೆ ಸೇರಿರಬಹುದು. ‘ಐಸೋಲೇಶನ್’ ಎಂಬ ಆಯ್ಕೆ ಚಾಲೂ ಇದ್ದರೆ ವೈ-ಫೈಯಲ್ಲಿರುವ ಯಂತ್ರಗಳ ನಡುವೆ ಮಾತೇ ನಡೆಯದು. 2020ರ ಐಓಎಸ್ 14ರಿಂದೀಚೆಗೆ ಐಫೋನಿನ ಪ್ರತಿಯೊಂದು ಆ್ಯಪೂ ಮನೆಯ ಜಾಲವನ್ನು ಹುಡುಕಲು ಅಪ್ಪಣೆ ಕೇಳುತ್ತದೆ. ಬೇಡವೆಂದು ಒತ್ತಿದವರು ಅದನ್ನು ಮರೆತೇ ಬಿಟ್ಟಿರುತ್ತಾರೆ. ವಿಂಡೋಸಿನಲ್ಲಿ ಮನೆಯ ಜಾಲವು ‘ಪಬ್ಲಿಕ್’ ಎಂದಿದ್ದರೆ ‘ಪ್ರೈವೇಟ್’ ಎಂದು ಬದಲಿಸಬೇಕು. 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಹೆಸರುಗಳ ಮೇಲೆ ಅನೇಕರು ತಪ್ಪು ಹೊರಿಸುವುದುಂಟು. ಸಾಮಾನ್ಯವಾಗಿ ಅವೆರಡೂ ಒಂದೇ ಊರಿನ ಎರಡು ಓಣಿಗಳು.