ಎರಡು ಜನವರಿ ಎಂಟುಗಳ ನಡುವೆ

1865ರ ಜನವರಿ 8. ಅಮೆರಿಕದ ಅಂತರ್ಯುದ್ಧದಿಂದ ದೂರ ಸರಿಯಲೆಂದು ಕ್ಯಾನ್ಸಸ್ ತೊರೆದಿದ್ದ ಕಿಕಪೂ ಬುಡಕಟ್ಟಿನವರು, ಹೆಂಗಸರು ಮಕ್ಕಳ ಸಮೇತ ಮೆಕ್ಸಿಕೋಗೆ ಹೋಗುವ ಹಾದಿಯಲ್ಲಿ ಟೆಕ್ಸಾಸ್‌ನ ಡವ್ ಕ್ರೀಕ್ ಹೊಳೆಯ ಬಳಿ ಬೀಡುಬಿಟ್ಟಿದ್ದರು. ಅವರು ಯಾರು, ಎಲ್ಲಿಗೆ ಹೊರಟವರು ಎಂದು ವಿಚಾರಿಸದೆಯೇ ದಕ್ಷಿಣ ಒಕ್ಕೂಟದ ಸೈನಿಕರೂ ಟೆಕ್ಸಾಸ್ ರಾಜ್ಯದ ದಳದವರೂ ಮೇಲೆರಗಿದರು. ಕಿಕಪೂಗಳು ಕಾದಾಡಿ ಅವರನ್ನು ಹಿಮ್ಮೆಟ್ಟಿಸಿ, ರಿಯೊ ಗ್ರಾಂಡೆ ನದಿಯನ್ನು ದಾಟಿದರು.

ವಿಚಾರಣೆಯಿಲ್ಲದೆ ವಿಧಿಸಿದ ಆ ಶಿಕ್ಷೆಯ ಫಲವನ್ನು ಇಬ್ಬದಿಯವರೂ ಉಂಡರು. ವರ್ಷಗಟ್ಟಲೆ ಕಿಕಪೂಗಳು ಟೆಕ್ಸಾಸ್‌ನ ಗಡಿಪ್ರದೇಶದ ಮೇಲೆ ದಾಳಿ ನಡೆಸಿದರು. 1873ರಲ್ಲಿ ಕರ್ನಲ್ ಮೆಕೆಂಜಿಯ ಅಮೆರಿಕನ್ ಅಶ್ವದಳವು ಗಡಿ ದಾಟಿ ಅವರ ಹಳ್ಳಿಗಳನ್ನು ಸುಟ್ಟು, ಸುಮಾರು 40 ಮಂದಿಯನ್ನು ಸೆರೆಹಿಡಿಯಿತು. ಸೆರೆಯಾದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು.

ಡವ್ ಕ್ರೀಕ್ ಕಾಳಗ ನಡೆದು ಸರಿಯಾಗಿ 118 ವರ್ಷಗಳ ಬಳಿಕ, 1983ರ ಜನವರಿ 8ರಂದು, ಟೆಕ್ಸಾಸ್ ಕಿಕಪೂ ಸಮುದಾಯವನ್ನು ಮಾನ್ಯ ಮಾಡುವ ಅಮೆರಿಕದ ಕಾಯಿದೆಗೆ ಅಂಕಿತ ಬಿತ್ತು. ಗಡಿಯ ಆಚೆ ಈಚೆ ಮುಕ್ತವಾಗಿ ಸಂಚರಿಸುವ, ಅಮೆರಿಕದಲ್ಲಿ ನೆಲೆಸಿ ದುಡಿಯುವ ಹಕ್ಕು ಅವರಿಗೆ ದೊರೆಯಿತು.

ಕಾನೂನಿನ ಆಸರೆ ಬರುವುದು ಇಷ್ಟು ತಡವಾದರೂ ಅವರ ನುಡಿ ಅಳಿದಿರಲಿಲ್ಲ. ಮೆಕ್ಸಿಕೋದ ನಾಸಿಮಿಯೆಂತೊ ಗ್ರಾಮದ ಮನೆಗಳಲ್ಲಿ ಹಿರಿಯರು ಮಕ್ಕಳೊಡನೆ ಕಿಕಪೂ ಭಾಷೆಯಲ್ಲೇ ಮಾತನಾಡುತ್ತ ಅದನ್ನು ಉಳಿಸಿಕೊಂಡಿದ್ದರು.