ಹನಿ ತೊಟ್ಟಿಕ್ಕದ ಸೋರಿಕೆ

ನಸುಕಿನಲ್ಲಿ ಮುಳಬಾಗಿಲು ಕಡೆಯಿಂದ ಕೋಲಾರದ ಎಪಿಎಂಸಿಗೆ ಹೊರಟ ಹಳೆಯ ಡೀಸೆಲ್ ಪಿಕಪ್. ಹಿಂದೆ 15 ಕೆ.ಜಿ. ಟೊಮೆಟೊ ಬಾಕ್ಸುಗಳ ಸಾಲು. ಸಮತಟ್ಟು ರಸ್ತೆಯಲ್ಲಿ ಸುಮ್ಮನೆ ಓಡಿದ ಗಾಡಿ ಏರು ಸಿಕ್ಕ ಕೂಡಲೇ ಮುಗ್ಗರಿಸುತ್ತದೆ. ಎಷ್ಟು ಒತ್ತಿದರೂ ಎಳೆತವಿಲ್ಲ, ಒಂದು ಕ್ಷಣ ಉಸಿರು ನಿಂತಂತಾಗಿ ಮತ್ತೆ ಚೇತರಿಸಿಕೊಳ್ಳುತ್ತದೆ. ಗ್ಯಾರೇಜಿಗೆ ಬಂದ ಚಾಲಕ ಹೇಳುವುದು ಇಷ್ಟು: “ಅಣ್ಣಾ, ಗಾಡಿ ಮಿಸ್ ಹೊಡೀತಾ ಐತೆ. ಲೋಡ್ ಎಳೀತಾ ಇಲ್ಲ.”

ಇಂಥ ಹೊತ್ತಿನಲ್ಲಿ ಮೊದಲು ಡೀಸೆಲ್ ಪಂಪಿಗೇ ಕೈ ಹಾಕಿಸಿಕೊಂಡು ಸಾವಿರಾರು ರೂಪಾಯಿ ಕಳೆದುಕೊಳ್ಳುವವರಿದ್ದಾರೆ. ದೋಷ ಇರುವುದು ಎಷ್ಟೋ ಸಲ ಒಂದು ಗೇಣು ರಬ್ಬರ್ ಪೈಪಿನಲ್ಲಿ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಬಲವಾಗಿ ಅದುಮಿದಾಗ ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾದ ಗಾಳಿಗೆ ನಾಜಲ್ ಡೀಸೆಲನ್ನು ಮಂಜಿನಂತೆ ಚಿಮ್ಮಿಸುತ್ತದೆ, ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿಗೂ 1,000 ಬಾರಿ, ಸರಿಯಾದ ಗಳಿಗೆಗೆ, ಸರಿಯಾದ ಅಳತೆಯಲ್ಲಿ ಡೀಸೆಲ್ ಸಿಗಬೇಕು. ಹಳೆಯ ಗಾಡಿಗಳಲ್ಲಿ ಈ ಕೆಲಸವೆಲ್ಲ ಮೆಕ್ಯಾನಿಕಲ್ ಪಂಪಿನದು. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘ಮೈಕೋ ಪಂಪ್’. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆಯ ಹೆಸರು ಅದು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಗ್ಯಾರೇಜುಗಳಲ್ಲಿ ಮೈಕೋ ಉಳಿದುಕೊಂಡಿದೆ.

ಅನುಭವಿ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮುನ್ನ ಪ್ರಶ್ನೆ ಕೇಳುತ್ತಾನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೋ, ಲೋಡ್ ಇದ್ದಾಗಲೋ? ನಿಂತಲ್ಲೇ ನಡುಗುತ್ತದೆಯೋ, ಓಟದಲ್ಲಿ ಮಾತ್ರವೋ? ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಶುರುವಾದರೆ ಮೊದಲು ಡೀಸೆಲ್ ಟ್ಯಾಂಕಿನ ಮುಚ್ಚಳ ಬಿಚ್ಚಿ ನೋಡಬೇಕು. ‘ಉಸ್’ ಎಂದು ಗಾಳಿ ಒಳನುಗ್ಗಿತೆಂದರೆ ಗಾಳಿಯಾಡುವ ರಂಧ್ರ ಕಟ್ಟಿದೆ ಎಂದರ್ಥ. ಡೀಸೆಲ್ ಖಾಲಿಯಾದಷ್ಟೂ ಒಳಗೆ ನಿರ್ವಾತ ಹೆಚ್ಚಿ, ಪಂಪ್ ಎಷ್ಟು ಎಳೆದರೂ ಡೀಸೆಲ್ ಬರುವುದಿಲ್ಲ. ಮಳೆಗಾಲದಲ್ಲಾದರೆ ವಾಟರ್ ಸೆಪರೇಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿಯಬೇಕು. ಅರೆ ತುಂಬಿದ ಟ್ಯಾಂಕಿನ ಒಳಗೋಡೆಯಲ್ಲಿ ಬೆವರಿದ ನೀರು ತಳಕ್ಕಿಳಿದಿರುತ್ತದೆ. ಲೋಟದಲ್ಲಿ ನೀರು ಕೆಳಗೆ, ಡೀಸೆಲ್ ಮೇಲೆ, ನಡುವೆ ಸ್ಪಷ್ಟ ಗೆರೆ.

ಇವೆರಡೂ ಸರಿಯಿದ್ದರೆ ಅನುಮಾನ ಪೈಪಿನ ಮೇಲೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ ಹೀರಲ್ಪಟ್ಟು ಬರುತ್ತದೆ. ಅಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟರೆ ಎಂಜಿನ್ ಓಡುತ್ತಿರುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿಯೇ ಇರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಕೆರೆ ದಡದಲ್ಲಿ ಪಂಪ್‌ಸೆಟ್ ಇಟ್ಟ ರೈತರಿಗೆ ಇದು ಗೊತ್ತು: ಸಕ್ಷನ್ ಪೈಪಿನ ಜಾಯಿಂಟ್ ಸಡಿಲವಾದರೆ ಮೋಟಾರು ತಿರುಗುತ್ತದೆ, ನೀರು ಏರುವುದಿಲ್ಲ. ಹಳೆಯ ಗಾಡಿಗಳ ನಾಜಲ್ ತೆರೆದುಕೊಳ್ಳಲು ಸುಮಾರು 200 ಬಾರ್ ಒತ್ತಡ ಬೇಕು, ಅಂದರೆ ಟೈರಿನ ಗಾಳಿಯ ಹತ್ತಾರು ಪಟ್ಟು. ಹೀಗೆ ಒಳಹೋದ ಗಾಳಿಯ ಗುಳ್ಳೆ ನಡುವೆ ಸಿಕ್ಕಿಕೊಂಡರೆ ಪಂಪಿನ ಬಲವೆಲ್ಲ ಗುಳ್ಳೆಯನ್ನು ಅದುಮುವುದಕ್ಕೇ ವ್ಯಯವಾಗಿ ನಾಜಲ್ ಬಾಯಿ ಬಿಡುವುದಿಲ್ಲ. ಆ ಒಂದು ಹೊಡೆತ ತಪ್ಪುತ್ತದೆ.

ಇದನ್ನು ಹಿಡಿಯಲು ಒಂದು ಅಗ್ಗದ ಪರೀಕ್ಷೆ ಇದೆ. ಎಂಜಿನ್ನಿಗಿಂತ ಎತ್ತರದಲ್ಲಿ ಶುದ್ಧ ಡೀಸೆಲ್ ತುಂಬಿದ ಸಣ್ಣ ಕ್ಯಾನ್ ಕಟ್ಟಿ, ಪಾರದರ್ಶಕ ಪೈಪಿನಿಂದ ನೇರವಾಗಿ ಫೀಡ್ ಪಂಪಿಗೆ ಕೊಡಬೇಕು. ಏರ್ ತೆಗೆದು ಗಾಡಿ ಓಡಿಸಿದಾಗ ಮಿಸ್ಸಿಂಗ್ ನಿಂತರೆ ದೋಷ ಹಿಂದಿದೆ: ಟ್ಯಾಂಕ್, ಪೈಪ್, ಇಲ್ಲವೇ ಜಾಯಿಂಟ್. ನಿಲ್ಲದಿದ್ದರೆ ಮುಂದಿದೆ: ಫಿಲ್ಟರ್, ಪಂಪ್ ಅಥವಾ ನಾಜಲ್.

ನಾಜಲ್ ದೋಷ ಹುಡುಕುವ ಬಗೆ ಬೇರೆ. ಎಂಜಿನ್ ಓಡುತ್ತಿರುವಾಗ ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸುತ್ತಾರೆ. ಎಂಜಿನ್ನಿನ ಸದ್ದು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ, ಏನೂ ಬದಲಾಗದಿದ್ದರೆ ಅದೇ ಕಳ್ಳ. ಇದು ಅನುಭವಿಗಳು ಮಾತ್ರ ಮಾಡುವ ಕೆಲಸ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೊಕ್ಕರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು, ತಕ್ಷಣ ಆಸ್ಪತ್ರೆಗೆ ಓಡಬೇಕು. ಒತ್ತಡ ಇನ್ನೂ ಎಷ್ಟೋ ಪಟ್ಟು ಹೆಚ್ಚಿರುವ ಹೊಸ ಬಗೆಯ ಕಾಮನ್ ರೈಲ್ ಗಾಡಿಗಳಲ್ಲಿ ಇದನ್ನು ಮಾಡಲೇಬಾರದು, ಅಲ್ಲಿ ಸ್ಕ್ಯಾನರ್ ಹಾಕಿಯೇ ನೋಡಬೇಕು.

ಹೊಗೆಯೂ ಸುಳಿವು ಕೊಡುತ್ತದೆ. ಕಪ್ಪಾದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಹೆಚ್ಚಾಗಿದೆ, ಮೊದಲು ಏರ್ ಫಿಲ್ಟರ್ ನೋಡಬೇಕು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಪೂರ್ತಿ ಉರಿಯದಿರಬಹುದು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ.

ಮತ್ತೆ ಟೊಮೆಟೊ ಗಾಡಿಗೆ ಬರೋಣ. ಕ್ಯಾನ್ ಕಟ್ಟಿದಾಗ ಎಂಜಿನ್ ಒಂದೇ ದನಿಯಲ್ಲಿ ಓಡಿತೆಂದರೆ ಉಳಿಯುವುದು ಪೈಪಿನ ಹುಡುಕಾಟ. ಛಾಸಿಗೆ ಉಜ್ಜಿ ಸವೆದ, ಕ್ಲಿಪ್ಪಿನ ಬಳಿ ಬಿರುಕು ಬಿಟ್ಟ ತುಂಡನ್ನು ಕತ್ತರಿಸಿ ಹೊಸದು ಹಾಕುತ್ತಾರೆ. ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಚಾಲಕ ಹ್ಯಾಂಡ್ ಪ್ರೈಮರ್ ಒತ್ತತೊಡಗುತ್ತಾನೆ. ಮೊದಲು ಬುಸುಬುಸು ನೊರೆ, ಆಮೇಲೆ ಬಿಡಿಬಿಡಿ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಎಳೆಯಾಗಿ ಹರಿದುಬರುತ್ತದೆ. ಸ್ಕ್ರೂ ಬಿಗಿದು ಕೀ ತಿರುಗಿಸಿದರೆ ಗಾಡಿ ಹೊರಡಲು ಸಿದ್ಧ.