ಬಲ್ಲದ್ದೂ ಬರೆದದ್ದೂ

ಹುಬ್ಬಳ್ಳಿ ಧಾರವಾಡಗಳ ನಡುವಣ ನವನಗರದಲ್ಲಿ ಕಾನೂನಿನ ವ್ಯಾಸಂಗಕ್ಕೋ ಪರದೇಶದ ಉನ್ನತ ಶಿಕ್ಷಣಕ್ಕೋ ಸಿದ್ಧರಾಗುವ ತರುಣ ತರುಣಿಯರಲ್ಲಿ, ಕನ್ನಡ ಮಾಧ್ಯಮದ ಶಾಲೆಗಳಿಂದ ಬಂದವರು ಇಂಗ್ಲಿಷ್ ಗದ್ಯಖಂಡವನ್ನೋದಿ ಉತ್ತರಿಸಬೇಕಾದ ಪ್ರಶ್ನೆಗಳ ಮುಂದೆ ಧೈರ್ಯಗೆಡುವುದುಂಟು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಅಕಾಡೆಮಿಕ್ ವಿಭಾಗದ ಓದಿನ ಪತ್ರಿಕೆಯಲ್ಲಿ, ಒಟ್ಟು 2150ರಿಂದ 2750 ಶಬ್ದಗಳಷ್ಟು ದೀರ್ಘವಾದ ಮೂರು ಗದ್ಯಖಂಡಗಳನ್ನು ಓದಿ, 60 ನಿಮಿಷಗಳೊಳಗೆ 40 ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾಗುವುದರಿಂದ, ವಿದ್ಯಾರ್ಥಿಗಳು ಮೊಟ್ಟಮೊದಲು ಅರಸುವುದು ಓದಿನ ವೇಗವನ್ನು.

ಆದರೆ ಆ ವೇಗವು ಕಣ್ಣಿನ ಕಸರತ್ತಿನಿಂದ ಸಿದ್ಧಿಸತಕ್ಕದ್ದಲ್ಲ. ಓದುವಾಗ ದೃಷ್ಟಿಯು ಸಾಲಿನುದ್ದಕ್ಕೂ ಸಮನಾಗಿ ಹರಿಯುವುದಿಲ್ಲ, ಜಿಗಿದು ಜಿಗಿದು ನಿಲ್ಲುತ್ತದೆ ಎಂಬುದು ಪ್ಯಾರಿಸಿನ ನೇತ್ರವೈದ್ಯ ಎಮಿಲ್ ಜವಾಲರ ಕಾಲದಿಂದ, ಎಂದರೆ 1870ರ ದಶಕದಿಂದ, ವಿದಿತವಾಗಿದೆ. ಒಂದೊಂದು ನಿಲುಗಡೆಯೂ ಸುಮಾರು ಕಾಲು ಸೆಕೆಂಡಿನದು. ಇಂಗ್ಲಿಷ್ ಬರಹದಲ್ಲಿ ಒಂದೊಂದು ಜಿಗಿತವೂ ಏಳೆಂಟು ಅಕ್ಷರಗಳಷ್ಟು. ಅಪರಿಚಿತ ಶಬ್ದವು ಎದುರಾದೊಡನೆ ನಿಲುಗಡೆ ದೀರ್ಘವಾಗುತ್ತದೆ, ಅರ್ಥ ಕೈತಪ್ಪಿದಲ್ಲಿ ಕಣ್ಣು ಹಿಂದಕ್ಕೆ ಮರಳುತ್ತದೆ. ಹೀಗೆ ಮರಳುವುದನ್ನು ಬಲವಂತದಿಂದ ತಡೆದವನು ವೇಗವನ್ನು ಗಳಿಸಿ ಗ್ರಹಿಕೆಯನ್ನು ಕಳೆದುಕೊಳ್ಳುತ್ತಾನೆ. ಮನಶ್ಶಾಸ್ತ್ರಜ್ಞ ಕೀತ್ ರೇನರ್ ಮತ್ತು ಅವರ ಸಂಗಡಿಗರ, 2016ರಲ್ಲಿ ಪ್ರಕಟವಾದ ವಿಮರ್ಶೆಯ ನಿರ್ಣಯವೂ ಇದೇ: ಓದನ್ನು ತ್ವರಿತಗೊಳಿಸುವುದು ಭಾಷಾಜ್ಞಾನವೇ ಹೊರತು ನೇತ್ರಚಾಲನೆಯಲ್ಲ. ಪತ್ರಿಕೆ, ಕಾದಂಬರಿಗಳಂಥ ಇಂಗ್ಲಿಷ್ ಬರಹವನ್ನು ಪರರ ನೆರವಿಲ್ಲದೆ ಓದಬೇಕಾದರೆ ಎಂಟೊಂಬತ್ತು ಸಾವಿರ ಪದಕುಟುಂಬಗಳ, ಎಂದರೆ ಮೂಲಶಬ್ದ ಮತ್ತು ಅದರ ರೂಪಗಳ ಗುಂಪುಗಳ, ಪರಿಚಯ ಬೇಕೆಂದು ಭಾಷಾವಿಜ್ಞಾನಿ ಪಾಲ್ ನೇಶನ್ 2006ರಲ್ಲಿ ಅಂದಾಜಿಸಿದರು. ಇಷ್ಟು ಸಂಪತ್ತು ಪರೀಕ್ಷೆಯ ಹಿಂದಿನ ತಿಂಗಳಲ್ಲಿ ಕೂಡಿಬರುವಂಥದಲ್ಲ.

ಶಬ್ದಗಳೆಲ್ಲ ತಿಳಿದಿದ್ದೂ ಅರ್ಥವಾಗದಿರುವ ಸಂದರ್ಭವೂ ಉಂಟು. ಬ್ರ್ಯಾನ್ಸ್‌ಫರ್ಡ್ ಮತ್ತು ಜಾನ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1972ರಲ್ಲಿ, ಬಟ್ಟೆ ಒಗೆಯುವ ಕ್ರಮವನ್ನು ವಿಷಯದ ಹೆಸರೆತ್ತದೆ ವರ್ಣಿಸುವ ಒಂದು ಖಂಡವನ್ನು ಕೇಳಿಸಿದಾಗ, ವಿಷಯವನ್ನು ಮುಂಚಿತವಾಗಿ ತಿಳಿದವರು ಅದನ್ನು ಚೆನ್ನಾಗಿ ಗ್ರಹಿಸಿ ನೆನಪಿಟ್ಟುಕೊಂಡರು. ಉಳಿದವರಿಗೆ, ಸುಲಭವಾದ ಶಬ್ದಗಳೇ ಇದ್ದರೂ, ತಲೆಬುಡ ತಿಳಿಯಲಿಲ್ಲ. ಆದುದರಿಂದ ಶೀರ್ಷಿಕೆಯನ್ನೂ ಪ್ರತಿಯೊಂದು ಪ್ಯಾರಾದ ಮೊದಲ ವಾಕ್ಯವನ್ನೂ ಮೊದಲು ನೋಡಿಕೊಳ್ಳುವ ಪದ್ಧತಿಯು ಸಾಧುವಾದುದು. ಪೂರ್ವಜ್ಞಾನವು ಕನ್ನಡ ಪುಸ್ತಕದಿಂದ ಬಂದದ್ದೆಂಬ ಕಾರಣಕ್ಕೆ ಅದರ ಬೆಲೆ ಕಿಂಚಿತ್ತೂ ಕಡಮೆಯಾಗದು. ದ್ಯುತಿಸಂಶ್ಲೇಷಣೆಯನ್ನು ಕನ್ನಡದಲ್ಲಿ ಕಲಿತವನಿಗೆ ಇಂಗ್ಲಿಷ್ ಖಂಡದಲ್ಲಿ ಅರ್ಧ ದಾರಿ ಆಗಲೇ ಸವೆದಿರುತ್ತದೆ.

ಗ್ರಹಿಕೆಗೆ ನೆರವಾಗುವ ಈ ಪೂರ್ವಜ್ಞಾನವೇ ಉತ್ತರ ಬರೆಯುವಾಗ ದಾರಿ ತಪ್ಪಿಸುತ್ತದೆ. ಹೇಳಿಕೆಯೊಂದು ಸರಿಯೋ, ತಪ್ಪೋ, ಖಂಡದಲ್ಲಿ ಹೇಳಿಲ್ಲವೋ ಎಂದು ಕೇಳುವ ಐಇಎಲ್‌ಟಿಎಸ್ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ‘2009ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವು ಹುಬ್ಬಳ್ಳಿಯ ನವನಗರದಲ್ಲಿದೆ’ ಎಂಬಷ್ಟೇ ಖಂಡದಲ್ಲಿದೆಯೆಂದು ಭಾವಿಸಿರಿ. ‘ಈ ವಿಶ್ವವಿದ್ಯಾಲಯವು 1990ರ ದಶಕದಲ್ಲಿ ಆರಂಭವಾಯಿತು’ ಎಂಬ ಹೇಳಿಕೆ ತಪ್ಪು, ಏಕೆಂದರೆ ಖಂಡವೇ ಅದನ್ನು ಅಲ್ಲಗಳೆಯುತ್ತದೆ. ‘ರಾಜ್ಯದಲ್ಲಿ ಕಾನೂನಿಗೆಂದೇ ಇರುವ ವಿಶ್ವವಿದ್ಯಾಲಯ ಇದೊಂದೇ’ ಎಂಬ ಹೇಳಿಕೆಗೆ ನವನಗರದ ವಿದ್ಯಾರ್ಥಿಯು, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲನ್ನು ನೆನೆದು, ತಪ್ಪೆಂದೇ ಗುರುತು ಹಾಕಿಯಾನು. ಅವನ ಲೋಕಜ್ಞಾನ ಸರಿಯಾದದ್ದೇ, ಆದರೂ ಅಂಕ ದೊರೆಯದು. ಖಂಡವು ಆ ವಿಷಯದಲ್ಲಿ ಮೌನವಾಗಿರುವುದರಿಂದ ‘ಹೇಳಿಲ್ಲ’ ಎಂಬುದೇ ಉತ್ತರ.

ಅಭ್ಯಾಸದ ದಿನಗಳಲ್ಲಿ, ‘ಹೇಳಿಲ್ಲ’ ಎಂಬುದರ ಹೊರತು, ಪ್ರತಿಯೊಂದು ಉತ್ತರಕ್ಕೂ ಆಧಾರವಾದ ಸಾಲನ್ನು ಪೆನ್ಸಿಲಿನಿಂದ ಗುರುತಿಸಿಕೊಳ್ಳಿರಿ. ಗುರುತಿಸಲು ಸಾಲೇ ಸಿಗದಾದರೆ ಆ ಉತ್ತರ ಖಂಡದ್ದಲ್ಲ, ನಿಮ್ಮ ಊಹೆಯದು. ಪರೀಕ್ಷೆಯ ದಿನ ಐಇಎಲ್‌ಟಿಎಸ್‌ನಲ್ಲಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿರಿ, ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕಾನೂನು ಶಾಲೆಗಳ ಕ್ಲಾಟ್ ಪ್ರವೇಶಪರೀಕ್ಷೆಯಲ್ಲಾದರೋ ಪ್ರತಿ ತಪ್ಪಿಗೂ ಕಾಲು ಅಂಕ ಹೋಗುತ್ತದೆ.